ಮೂರು ಮಕ್ಕಳ ಮನೆಶಾಲೆ, ನಾಲ್ಕು ದೊಡ್ಡ ಹಬ್ಬ: ನಮ್ಮ ಮನೆಯ ಲೆಕ್ಕಾಚಾರ

ಮೊದಲ ವರ್ಷ ನಾನು ಮಾಡಿದ ಎಡವಟ್ಟಿನಿಂದಲೇ ಶುರು ಮಾಡುತ್ತೇನೆ. ಗಣೇಶನ ಹಬ್ಬದ ದಿನ ಮಧ್ಯಾಹ್ನ ನಡುವಿನವನು ಕಾಣಿಸಲಿಲ್ಲ. ಹುಡುಕಿದರೆ ಕಡುಬಿನ ತಟ್ಟೆ ಹಿಡಿದುಕೊಂಡು ಮಹಡಿ ಮೆಟ್ಟಿಲ ಕೆಳಗೆ ಕೂತಿದ್ದ. "ಇಲ್ಯಾಕೋ?" ಅಂದೆ. "ನೀನು ಇಪ್ಪತ್ತೊಂದನ್ನ ಮೂರರಿಂದ ಭಾಗಿಸು ಅಂತೀಯ" ಅಂದ. ನಾನು ಅದನ್ನೇ ಹೇಳುವವಳಿದ್ದೆ. ಆ ವರ್ಷ ಪ್ರತಿ ಹಬ್ಬಕ್ಕೂ ಒಂದು ಪ್ರಾಜೆಕ್ಟು, ಒಂದು ಚಾರ್ಟು, ಒಂದು ಪ್ರಬಂಧ ಮಾಡಿಸಿದ್ದೆ. ಹಬ್ಬವೂ ಕೆಟ್ಟಿತು, ಪಾಠವೂ ಕೆಟ್ಟಿತು.

ಎರಡನೇ ವರ್ಷ ಪೂರಾ ಉಲ್ಟಾ. ಆಗಸ್ಟಿನಿಂದ ನವೆಂಬರ್‌ವರೆಗೆ ಒಂದಲ್ಲ ಒಂದು ಹಬ್ಬ ಅಂತ ಪಾಠ ಬಿಟ್ಟೂ ಬಿಟ್ಟೂ, ದೀಪಾವಳಿ ಮುಗಿಯುವ ಹೊತ್ತಿಗೆ ನಡುವಿನವನಿಗೆ ಏಳರ ಮಗ್ಗಿ ಮರೆತುಹೋಗಿತ್ತು.

ಈಗ ಆರನೇ ವರ್ಷ. ದೊಡ್ಡವಳಿಗೆ ಹದಿನೈದು, ನಡುವಿನವನಿಗೆ ಹತ್ತು, ಚಿಕ್ಕವಳಿಗೆ ಆರು. ನಾವಿರುವುದು ಮೈಸೂರು, ನಮ್ಮ ಮನೆಯವರ ಊರು ಹುಬ್ಬಳ್ಳಿ. ಅಂದರೆ ಹಬ್ಬಗಳೂ ಎರಡೂ ಕಡೆಯವು, ಎರಡು ಪಟ್ಟು. ಮಕ್ಕಳನ್ನು ಮನೆಯಲ್ಲೇ ಓದಿಸುವವರು ಹಬ್ಬದ ಕಾಲವನ್ನು ಹೇಗೆ ನಿಭಾಯಿಸಬಹುದು ಅಂತ, ನಮಗೆ ಒಗ್ಗಿದ್ದನ್ನು ಮೊದಲಿಂದ ಹೇಳುತ್ತೇನೆ.

ಮೊದಲು ದಿನ ಎಣಿಸಿ

ವರ್ಷದ ಆರಂಭದಲ್ಲೇ ಕೂತು ದಿನಗಳ ಲೆಕ್ಕ ಹಾಕಿ. ಇದು ಬೇಜಾರಿನ ಕೆಲಸ. ಆದರೆ ಇದೊಂದನ್ನು ಮಾಡಿಬಿಟ್ಟರೆ ಹಬ್ಬದ ದಿನ "ಅಯ್ಯೋ ಇವತ್ತೂ ಪಾಠ ಹೋಯ್ತಲ್ಲ" ಅನ್ನುವ ಕೊರಗು ಅರ್ಧ ಕಡಿಮೆಯಾಗುತ್ತದೆ.

ನಾನು ಅಳತೆಗೆ ಇಟ್ಟುಕೊಂಡಿರುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅಂಕಿಗಳನ್ನು. ಅದರಲ್ಲಿ ಶಾಲೆಗಳಿಗೆ ಹೀಗೆ ಹೇಳಿದೆ: ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ, ಆರರಿಂದ ಎಂಟನೇ ತರಗತಿಗೆ 220 ದಿನ, 1000 ಗಂಟೆ. ಇದು ಶಾಲೆಗಳಿಗೆ ಹಾಕಿದ ಲೆಕ್ಕ, ಮನೆಶಾಲೆಗಲ್ಲ. ಆದರೂ ಒಂದು ಅಳತೆಗೋಲು ಬೇಕಲ್ವಾ? ನಾನು ಜಾಸ್ತಿ ಇರುವ 220ನ್ನೇ ಹಿಡಿದೆ.

365ರಲ್ಲಿ 52 ಭಾನುವಾರ ತೆಗೆಯಿರಿ, 313. ಅದರಲ್ಲಿ 220 ತೆಗೆಯಿರಿ, 93 ಉಳಿಯಿತು. ಬೇಸಿಗೆಗೆ 40 ದಿನ. ಜ್ವರ, ಮದುವೆ, ಊರಿಗೆ ಹೋಗಿ ಬರುವುದು, ಕರೆಂಟಿಲ್ಲದ್ದು, ಅಮ್ಮನಿಗೆ ತಲೆನೋವು ಬಂದದ್ದು, ಎಲ್ಲ ಸೇರಿ 20. ಹಬ್ಬಕ್ಕೆ ಅಂತ 33 ದಿನ ಸಿಕ್ಕಿತು.

ಮೂವತ್ಮೂರು ದಿನ! ಮೊದಲ ಸಲ ಈ ಅಂಕಿ ನೋಡಿದಾಗ ನಾನು ಎರಡು ಸಲ ಕೂಡಿ ಕಳೆದೆ.

ಹಬ್ಬಗಳನ್ನು ಮೂರು ಪಾಲು ಮಾಡಿ

ಎಲ್ಲ ಹಬ್ಬವನ್ನೂ ಜೋರಾಗಿ ಮಾಡುತ್ತೇನೆ ಅಂತ ಹೊರಟರೆ ಯಾವುದೂ ಆಗುವುದಿಲ್ಲ. ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಮುಂದಿಟ್ಟುಕೊಂಡು, ಮಕ್ಕಳನ್ನೂ ಕೂರಿಸಿಕೊಂಡು, ಮೂರು ಬಣ್ಣದ ಪೆನ್ನಿನಲ್ಲಿ ಗುರುತು ಹಾಕಿ. ಕೆಂಪು ಅಂದರೆ ದೊಡ್ಡ ಹಬ್ಬ, ಪಾಠ ಇಲ್ಲ. ಹಸಿರು ಅಂದರೆ ಒಂದೇ ದಿನದ ಹಬ್ಬ: ಬೆಳಿಗ್ಗೆ ಪೂಜೆ, ಒಂದು ಸಿಹಿ. ನೀಲಿ ಅಂದರೆ ದೀಪ ಹಚ್ಚಿ ಹೂವು ಇಟ್ಟರೆ ಮುಗಿಯಿತು, ಪಾಠ ಎಂದಿನಂತೆ.

ನಮ್ಮ ಕೆಂಪು ನಾಲ್ಕೇ: ಸಂಕ್ರಾಂತಿ, ಗೌರಿ-ಗಣೇಶ, ದಸರಾ, ದೀಪಾವಳಿ. ಸಂಕ್ರಾಂತಿಗೆ 2 ದಿನ, ಗಣೇಶನಿಗೆ 3, ದೀಪಾವಳಿಗೆ 4. ದಸರಾಗೆ 5 ಪೂರ್ತಿ ರಜೆ, 5 ಅರ್ಧ ದಿನ, ಅಂದರೆ ಏಳೂವರೆ. ಒಟ್ಟು ಹದಿನಾರೂವರೆ. 33ರಲ್ಲಿ ಸರಿಯಾಗಿ ಅರ್ಧ. ಉಳಿದರ್ಧ ಯುಗಾದಿ, ವರಮಹಾಲಕ್ಷ್ಮಿ, ನಾಗರಪಂಚಮಿ ತರದ ಹಸಿರು ಹಬ್ಬಗಳಿಗೆ. ಯುಗಾದಿಯನ್ನು ಹಸಿರಿಗೆ ಹಾಕಿದ್ದಕ್ಕೆ ನಮ್ಮತ್ತೆಗೆ ಇನ್ನೂ ಸ್ವಲ್ಪ ಅಸಮಾಧಾನ ಇದೆ. ಆದರೆ ಬೇವು-ಬೆಲ್ಲ ತಿಂದು, ಹೋಳಿಗೆ ಉಂಡು, ಮಧ್ಯಾಹ್ನ ನಿದ್ದೆ ಮಾಡಿದರೆ ಯುಗಾದಿ ಆಯಿತು ಅನ್ನುವುದು ನನ್ನ ಅಭಿಪ್ರಾಯ. ನಿಮ್ಮ ಮನೆಯ ಕೆಂಪು ಬೇರೆ ಇರಬಹುದು. ಐದಕ್ಕಿಂತ ಜಾಸ್ತಿ ಮಾತ್ರ ಇಟ್ಟುಕೊಳ್ಳಬೇಡಿ.

ಕ್ಯಾಲೆಂಡರ್ ವಿಷಯದಲ್ಲಿ ಒಂದು ಮಾತು. ಹೋದ ವರ್ಷದ ತಾರೀಕು ನಂಬಿಕೊಂಡು ಯೋಜನೆ ಹಾಕಬೇಡಿ. ಚಾಂದ್ರಮಾನದ ಹನ್ನೆರಡು ತಿಂಗಳಿಗೆ 354 ದಿನ. ಹಾಗಾಗಿ ಹಬ್ಬಗಳು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತವೆ. 2024ರ ವಿಜಯದಶಮಿ ಅಕ್ಟೋಬರ್ 12ಕ್ಕಿತ್ತು, 2025ರದ್ದು ಅಕ್ಟೋಬರ್ 2ಕ್ಕೆ ಬಂತು. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ಅದು ಅಕ್ಟೋಬರ್ ಮೂರನೇ ವಾರಕ್ಕೆ ಹಾರುತ್ತದೆ. ಸಂಕ್ರಾಂತಿ ಮಾತ್ರ ಸೂರ್ಯನ ಲೆಕ್ಕ, ಜನವರಿ 14-15 ಬಿಟ್ಟು ಆಚೀಚೆ ಆಗುವುದಿಲ್ಲ. ರಂಜಾನ್ ಮಾಡುವ ಮನೆಗಳಲ್ಲಿ ಇನ್ನೊಂದು ತರ: ಹಿಜರಿ ಕ್ಯಾಲೆಂಡರಿನಲ್ಲಿ ಅಧಿಕ ಮಾಸ ಇಲ್ಲ, ಹಾಗಾಗಿ ಉಪವಾಸದ ತಿಂಗಳು ಮಳೆಗಾಲ, ಚಳಿಗಾಲ, ಬೇಸಿಗೆ ಎಲ್ಲದರಲ್ಲೂ ಸುತ್ತಿಕೊಂಡು ಬರುತ್ತದೆ. ಅಂಥ ಮನೆಯಲ್ಲಿ ಆ ತಿಂಗಳು ಪೂರ್ತಿ ಅರ್ಧ ದಿನದ ಪಾಠ ಅಂತ ಮೊದಲೇ ಬರೆದಿಡುವುದು ವಾಸಿ.

ಅರ್ಧ ದಿನ ಅಂದರೆ ಏನು ಅಂತ ಬರೆದಿಡಿ

ನಮ್ಮ ಪೂರ್ತಿ ದಿನ ಹೀಗಿರುತ್ತದೆ. ಬೆಳಿಗ್ಗೆ ಆರೂವರೆಯಿಂದ ಎಂಟರವರೆಗೆ ದೊಡ್ಡವಳು ಒಬ್ಬಳೇ. ಗಣಿತ ಅಥವಾ ವಿಜ್ಞಾನ. ಅಷ್ಟರಲ್ಲಿ ನನ್ನ ತಿಂಡಿ ಕೆಲಸ ಆಗುತ್ತದೆ. ಒಂಬತ್ತಕ್ಕೆ ಮೂವರೂ ಒಟ್ಟಿಗೆ, ನಾನು ಗಟ್ಟಿಯಾಗಿ ಓದುತ್ತೇನೆ. ಒಂಬತ್ತೂವರೆಯಿಂದ ಹನ್ನೊಂದರವರೆಗೆ ಸಣ್ಣವರಿಬ್ಬರಿಗೆ ಗಣಿತ, ಕನ್ನಡ, ಇಂಗ್ಲಿಷ್. ದೊಡ್ಡವಳು ಪಕ್ಕದಲ್ಲೇ ಬರೆಯುತ್ತಾಳೆ. ಹನ್ನೊಂದೂವರೆಗೆ ಮತ್ತೆ ಮೂವರೂ ಸೇರಿ ಇತಿಹಾಸವೋ ವಿಜ್ಞಾನವೋ. ಊಟದ ಮೇಲೆ ಸಣ್ಣವರಿಗೆ ಬಿಡುಗಡೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಸ್ತಕಗಳೆಲ್ಲ ಸಿಗುತ್ತವೆ, ನಾವು ಅವನ್ನೇ ಬೆನ್ನೆಲುಬಾಗಿ ಇಟ್ಟುಕೊಂಡಿದ್ದೇವೆ.

ಅರ್ಧ ದಿನ ಅಂದರೆ ಇದರ ಮೂರೇ ತುಂಡು: ಗಟ್ಟಿ ಓದು, ಗಣಿತ, ಒಂದು ಪುಟ ಬರಹ. ಒಂಬತ್ತಕ್ಕೆ ಕೂತರೆ ಹತ್ತೂವರೆಗೆ ಪುಸ್ತಕ ಮುಚ್ಚಬೇಕು. ಇಷ್ಟನ್ನು ಒಂದು ರಟ್ಟಿನ ಮೇಲೆ ಬರೆದು ಗೋಡೆಗೆ ಅಂಟಿಸಿದ್ದೇನೆ. ಬರೆದಿಡದಿದ್ದರೆ ಏನಾಗುತ್ತದೆ ಗೊತ್ತಾ? ಹಬ್ಬದ ಹಿಂದಿನ ದಿನ ಒಲೆ ಮೇಲೆ ಪಾಕ ಇಟ್ಟುಕೊಂಡು "ಆ ಲೆಕ್ಕ ಮುಗಿಸಿದ್ಯಾ?" ಅಂತ ಅಡುಗೆಮನೆಯಿಂದ ಕೂಗುತ್ತಿರುತ್ತೀರಿ. ಪಾಕವೂ ಹೋಯಿತು, ಲೆಕ್ಕವೂ ಹೋಯಿತು. ರಜೆ ಅಂದ ಮೇಲೆ ರಜೆ. ಕದ್ದು ಮುಚ್ಚಿ ಪಾಠ ಹೇಳುವುದಕ್ಕಿಂತ ಗಟ್ಟಿಯಾಗಿ "ಇವತ್ತು ಇಲ್ಲ" ಅನ್ನುವುದು ಒಳ್ಳೆಯದು.

ಹಬ್ಬದಲ್ಲಿ ಪಾಠ ಹುಡುಕಬೇಡಿ, ಕೆಲಸ ಕೊಡಿ

ನಾನು ಹೇಳಬೇಕು ಅಂತ ಕೂತಿರುವ ಮುಖ್ಯ ವಿಷಯ ಇದೇ. ಪ್ರತಿ ಮಗುವಿಗೆ ಪ್ರತಿ ದೊಡ್ಡ ಹಬ್ಬದಲ್ಲಿ ಒಂದು ಕೆಲಸ. ಪ್ರತಿ ವರ್ಷ ಅದೇ ಮಗುವಿಗೆ ಅದೇ ಕೆಲಸ. ಅದು ಸುಮ್ನೆ ತೋರಿಕೆಯ ಕೆಲಸ ಆಗಿರಬಾರದು. ಅವರು ಮಾಡದಿದ್ದರೆ ಹಬ್ಬಕ್ಕೆ ಏನೋ ಕಡಿಮೆಯಾಗುವಂಥದ್ದಾಗಿರಬೇಕು.

ಸಂಕ್ರಾಂತಿಯನ್ನೇ ನೋಡಿ. ನಮ್ಮಲ್ಲಿ ಎಳ್ಳುಬೆಲ್ಲದ ಕೆಲಸ ಜನವರಿ ಐದರ ಸುಮಾರಿಗೆ ಶುರುವಾಗುತ್ತದೆ. ಕೊಬ್ಬರಿ, ಬೆಲ್ಲ, ಕಡಲೆಕಾಯಿ ಬೀಜ, ಹುರಿಗಡಲೆ ತಲಾ ಅರ್ಧ ಕೆಜಿ, ಬಿಳಿ ಎಳ್ಳು ಕಾಲು ಕೆಜಿ. ಕೊಬ್ಬರಿಯ ಮೇಲಿನ ಕಂದು ಸಿಪ್ಪೆ ಹೆರೆದು ತೆಗೆಯುವುದು, ಬಿಳಿ ಭಾಗವನ್ನು ಸಣ್ಣ ಸಣ್ಣ ತುಂಡು ಮಾಡುವುದು ದೊಡ್ಡವಳದ್ದು. ಅವಳಿಗೆ ಹನ್ನೆರಡು ತುಂಬಿದ ಮೇಲೆ ಅಡಕತ್ತರಿ ಕೈಗೆ ಕೊಟ್ಟೆ. ಅದಕ್ಕೂ ಮೊದಲು ಎರಡು ವರ್ಷ ಪಕ್ಕದಲ್ಲಿ ಕೂತು ಬೇಡಿದ್ದಳು. ಬೆಲ್ಲವನ್ನು ನಾನೇ ಹೆಚ್ಚುತ್ತೇನೆ, ಅಚ್ಚು ಬೆಲ್ಲ ಗಟ್ಟಿ, ಚಾಕು ಜಾರುತ್ತದೆ. ಹೆಚ್ಚಿದ ಬೆಲ್ಲ ಒಂದಕ್ಕೊಂದು ಅಂಟಿಕೊಳ್ಳದ ಹಾಗೆ ತೆಳು ಬಟ್ಟೆ ಮುಚ್ಚಿ ಎರಡು ದಿನ ಬಿಸಿಲಿಗೆ ಇಡಬೇಕು. ಅದನ್ನು ಮೇಲೆ ತೆಗೆದುಕೊಂಡು ಹೋಗಿ ಇಟ್ಟು, ಸಂಜೆ ಇಳಿಸಿ, ಇರುವೆ ಕಾಯುವುದು ಚಿಕ್ಕವಳ ಕೆಲಸ. ಇರುವೆಗಿಂತ ಜಾಸ್ತಿ ಅವಳೇ ತಿನ್ನುತ್ತಾಳೆ. ಅದಕ್ಕೆ ಅಂತಲೇ ನಾನು ನೂರು ಗ್ರಾಂ ಹೆಚ್ಚು ಹಾಕುತ್ತೇನೆ. ಹುರಿದ ಕಡಲೆಬೀಜವನ್ನು ಉಜ್ಜಿ ಸಿಪ್ಪೆ ಊದಿ, ಎರಡು ಹೋಳು ಮಾಡುವುದು ನಡುವಿನವನದ್ದು. ಮನೆ ತುಂಬ ಕೆಂಪು ಸಿಪ್ಪೆ ಹಾರುತ್ತದೆ, ಗುಡಿಸುವುದೂ ಅವನೇ.

ಕೊನೆಗೆ ಎಲ್ಲ ಬೆರೆಸಿ ತೂಗಿದರೆ ಎರಡೂಕಾಲು ಕೆಜಿ. ಐವತ್ತು ಗ್ರಾಂ ಪೊಟ್ಟಣ ಮಾಡಿದರೆ ನಲವತ್ತೈದು. ಈ ಲೆಕ್ಕವನ್ನು ನಾನು ಕೇಳಿಲ್ಲ. ಬೀದಿಯಲ್ಲಿ ಎಷ್ಟು ಮನೆಗೆ ಎಳ್ಳು ಬೀರಬೇಕು ಅಂತ ಚಿಕ್ಕವಳು ಪಟ್ಟಿ ಮಾಡುವಾಗ, ಪೊಟ್ಟಣ ಸಾಲುತ್ತಾ ಅಂತ ಅವರವರೇ ಜಗಳ ಆಡಿ ಕಂಡುಕೊಂಡದ್ದು. ಇಪ್ಪತ್ತೊಂದನ್ನು ಮೂರರಿಂದ ಭಾಗಿಸಲು ಓಡಿಹೋದ ಅದೇ ಹುಡುಗ!

ಸಕ್ಕರೆ ಅಚ್ಚನ್ನು ನಾವು ಕೊಳ್ಳುತ್ತೇವೆ. ಒಂದು ವರ್ಷ ನನ್ನಮ್ಮನ ಹಳೆಯ ಮರದ ಅಚ್ಚುಗಳನ್ನು ತಂದು ಮನೆಯಲ್ಲೇ ಮಾಡಲು ಹೋದೆ. ಅಚ್ಚನ್ನು ಹಿಂದಿನ ರಾತ್ರಿಯೇ ನೀರಲ್ಲಿ ನೆನೆಸಿಡಬೇಕು ಅನ್ನುವುದು ಮರೆತಿತ್ತು. ಪಾಕ ಮರಕ್ಕೆ ಕಚ್ಚಿಕೊಂಡು ಆನೆಗೆ ಸೊಂಡಿಲಿಲ್ಲ, ನವಿಲಿಗೆ ತಲೆಯಿಲ್ಲ. ಎರಡು ಕೆಜಿ ಸಕ್ಕರೆ ಕಾಫಿಗೆ ಹೋಯಿತು. ಹುಬ್ಬಳ್ಳಿ ಕಡೆಯಿಂದ ನಾವು ತೆಗೆದುಕೊಂಡಿರುವುದು ಒಂದೇ, ಅತ್ತೆ ಮಾಡುವ ಮಾದಲಿ. ಎರಡೂ ಕಡೆಯ ಎಲ್ಲ ಅಡುಗೆಯನ್ನೂ ಮಾಡುತ್ತೇನೆ ಅಂತ ಹೊರಟಿದ್ದರೆ ನಾನು ಈ ಲೇಖನ ಬರೆಯುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ.

ಪ್ರಶ್ನೆಗೆ ಒಂದು ಡಬ್ಬಿ

ಮಕ್ಕಳು ಹಬ್ಬದ ನಡುವೆ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಅದನ್ನು ಅಲ್ಲೇ ಪಾಠವಾಗಿ ಎಳೆಯುವ ಆಸೆ ನಮಗೆ, ಹೋಮ್‌ಸ್ಕೂಲಿಂಗ್ ಅಪ್ಪ ಅಮ್ಮಂದಿರಿಗೆ, ಒಂದು ಚಟ. ತಡೆದುಕೊಳ್ಳಿ. ನಮ್ಮಲ್ಲಿ ಖಾಲಿ ಹಾರ್ಲಿಕ್ಸ್ ಬಾಟಲಿ ಇದೆ. ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಅದಕ್ಕೆ ಹಾಕುವುದು, ಹಬ್ಬ ಮುಗಿದ ಮೇಲೆ ತೆಗೆಯುವುದು. ಚಿಕ್ಕವಳು ಬರೆಯಲು ಬಾರದಿದ್ದಾಗ ಚಿತ್ರ ಹಾಕುತ್ತಿದ್ದಳು.

ಒಂದು ಸಂಕ್ರಾಂತಿಯಲ್ಲಿ ನಡುವಿನವನ ಚೀಟಿ ಹೀಗಿತ್ತು: "ಪುಸ್ತಕದಲ್ಲಿ ಡಿಸೆಂಬರ್ 22ಕ್ಕೇ ಸೂರ್ಯ ಉತ್ತರಕ್ಕೆ ತಿರುಗುತ್ತೆ ಅಂತ ಇದೆ, ಅಜ್ಜಿ ಇವತ್ತು ಅಂತಾರೆ. ಯಾರು ಸರಿ?" ಇದಕ್ಕೆ ಉತ್ತರ ಹುಡುಕಲು ನಮಗೆ ಮುಂದಿನ ಡಿಸೆಂಬರ್ ಬೇಕಾಯಿತು. ತಾರಸಿಯ ಮೇಲೆ ಒಂದು ಕೋಲು ನೆಟ್ಟು ಮಧ್ಯಾಹ್ನದ ನೆರಳನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿದೆವು. ನೆರಳು ಡಿಸೆಂಬರ್ ಮೂರನೇ ವಾರದ ಆಸುಪಾಸಲ್ಲಿ ಎಲ್ಲಕ್ಕಿಂತ ಉದ್ದ, ಆಮೇಲೆ ಕುಗ್ಗುತ್ತಾ ಬಂತು. ಹಾಗಾದರೆ ಅಜ್ಜಿ? ಅಜ್ಜಿ ಹೇಳುವ ದಿನ ಸೂರ್ಯ ನಕ್ಷತ್ರಗಳ ಲೆಕ್ಕದಲ್ಲಿ ಮಕರ ರಾಶಿಗೆ ಬರುವ ದಿನ. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನವಾಗಿ ಓಲಾಡುವುದರಿಂದ ಈ ಎರಡು ದಿನಗಳ ನಡುವಿನ ಅಂತರ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಬೆಳೆಯುತ್ತದೆ. ಬಹಳ ಹಿಂದೆ ಎರಡೂ ಒಂದೇ ದಿನ ಇದ್ದವು. ಇಬ್ಬರೂ ಸರಿ ಅಂತ ತೀರ್ಮಾನವಾಯಿತು. ಅಜ್ಜಿಗೆ ಇದರಿಂದ ಏನೂ ಆಶ್ಚರ್ಯ ಆಗಲಿಲ್ಲ.

ಎಲ್ಲ ಚೀಟಿಗೂ ಇಷ್ಟು ಯೋಗ ಇರುವುದಿಲ್ಲ. ಅರ್ಧಕ್ಕರ್ಧ ಪ್ರಶ್ನೆಗಳನ್ನು ತೆಗೆದು ನೋಡುವ ಹೊತ್ತಿಗೆ ಕೇಳಿದವರಿಗೇ ಆಸಕ್ತಿ ಹೋಗಿರುತ್ತದೆ. ಬಿಟ್ಟುಬಿಡಿ.

ಗೊಂಬೆ ಹಬ್ಬ: ಹತ್ತು ದಿನ ನಡೆಯುವ ಹಬ್ಬಕ್ಕೆ ಬೇರೆ ಲೆಕ್ಕ

ಮೈಸೂರಿನವರಿಗೆ ದಸರಾ ಅಂದರೆ ಜಂಬೂಸವಾರಿ ಎಷ್ಟೋ, ಮನೆಯ ಗೊಂಬೆಯೂ ಅಷ್ಟೇ. ನನ್ನ ಮದುವೆಯಲ್ಲಿ ಅಮ್ಮ ಕೊಟ್ಟ ಪಟ್ಟದ ಗೊಂಬೆ, ರಾಜ ರಾಣಿ, ಮೇಲಿನ ಮೆಟ್ಟಿಲಲ್ಲಿ ಕೂರುತ್ತವೆ. ಮೆಟ್ಟಿಲು ಬೆಸ ಸಂಖ್ಯೆಯಲ್ಲಿರಬೇಕು. ಒಂಬತ್ತು ಕಟ್ಟುವವರಿದ್ದಾರೆ. ನಾವು ಮೂರರಿಂದ ಶುರು ಮಾಡಿ ಈಗ ಐದಕ್ಕೆ ನಿಲ್ಲಿಸಿದ್ದೇವೆ. ಟ್ರಂಕು, ಸೂಟ್‌ಕೇಸು, ಪುಸ್ತಕದ ರಟ್ಟಿನ ಡಬ್ಬ ಜೋಡಿಸಿ ಬಿಳಿ ಪಂಚೆ ಹೊದಿಸಿದರೆ ಮೆಟ್ಟಿಲು ಸಿದ್ಧ. ಅದಕ್ಕೆ ಅಂತ ಸ್ಟ್ಯಾಂಡ್ ಕೊಳ್ಳುವುದು ದಂಡ.

ಹತ್ತು ದಿನ ಪೂರ್ತಿ ರಜೆ ಕೊಟ್ಟರೆ ನಾಲ್ಕನೇ ದಿನಕ್ಕೆ ಮಕ್ಕಳು ಹೊಡೆದಾಡಿಕೊಳ್ಳುತ್ತಾರೆ. ಪೂರ್ತಿ ಪಾಠ ಮಾಡಿದರೆ ಗೊಂಬೆ ಮನೆ ಮೂಲೆಯಲ್ಲಿ ಅನಾಥವಾಗುತ್ತದೆ. ಅದಕ್ಕೇ ನಮ್ಮಲ್ಲಿ ಪಾಡ್ಯದ ದಿನ ರಜೆ, ಬಿದಿಗೆಯಿಂದ ಷಷ್ಠಿವರೆಗೆ ಅರ್ಧ ದಿನ, ಸಪ್ತಮಿಯಿಂದ ದಶಮಿವರೆಗೆ ಮತ್ತೆ ರಜೆ. ಸಪ್ತಮಿಯ ಸುಮಾರಿಗೆ ಸರಸ್ವತಿ ಪೂಜೆ ಬರುತ್ತದಲ್ಲ, ಪುಸ್ತಕ ಪೂಜೆಗೆ ಇಟ್ಟ ಮೇಲೆ ವಿಜಯದಶಮಿಯವರೆಗೆ ಓದುವ ಹಾಗಿಲ್ಲ ಅನ್ನುವುದು ಹಿರಿಯರ ಕಟ್ಟಳೆ. ಮನೆಯಲ್ಲೇ ಓದುವ ಮಕ್ಕಳಿಗೆ ಇದಕ್ಕಿಂತ ದೊಡ್ಡ ವರ ಇಲ್ಲ. ನಮ್ಮ ಮೂವರು ಪುಸ್ತಕ, ಪೆನ್ಸಿಲ್ ಡಬ್ಬಿ, ಅಟ್ಲಾಸು, ಕೊನೆಗೆ ಗೋಡೆಯ ಮಗ್ಗಿ ಚಾರ್ಟನ್ನೂ ಕಿತ್ತು ತಂದು ಪೂಜೆಗೆ ಇಡುತ್ತಾರೆ.

ಕೆಲಸದ ಹಂಚಿಕೆ ಇಲ್ಲೂ ಅದೇ. ಚಿಕ್ಕವಳಿಗೆ ಗೊಂಬೆಯ ಮುಂದಿನ ಪಾರ್ಕು. ಪಾಡ್ಯಕ್ಕೆ ಐದಾರು ದಿನ ಮೊದಲು ಒಂದು ಅಗಲದ ತಟ್ಟೆಗೆ ಎರಡು ಬೆರಳು ಮಣ್ಣು ಹಾಕಿ, ರಾತ್ರಿ ನೆನೆಸಿದ ರಾಗಿ ಚೆಲ್ಲಿ, ತೆಳ್ಳಗೆ ಮಣ್ಣು ಉದುರಿಸಿ, ದಿನಾ ಎರಡು ಸಲ ನೀರು ಚಿಮುಕಿಸಬೇಕು. ಸುರಿದರೆ ರಾಗಿಯೆಲ್ಲ ಒಂದು ಮೂಲೆಗೆ ಹರಿದು ಹೋಗುತ್ತದೆ; ಮೊದಲ ವರ್ಷ ನಮ್ಮ ಪಾರ್ಕಿನ ಒಂದು ಮೂಲೆ ಕಾಡು, ಉಳಿದದ್ದು ಮರುಭೂಮಿ. "ಪಕ್ಷದಾಗ ಏನೂ ಹೊಸಾದು ಚಾಲೂ ಮಾಡಬಾರದವಾ" ಅಂತ ಅತ್ತೆ ತಕರಾರು ತೆಗೆದರು. ಮಹಾಲಯ ಅಮಾವಾಸ್ಯೆಯವರೆಗೂ ಪಿತೃಪಕ್ಷವೇ, ಏನು ಮಾಡುವುದು? "ಅಜ್ಜಿ, ರಾಗಿಗೆ ಗೊತ್ತಾಗಲ್ಲ" ಅಂದಳು ಚಿಕ್ಕವಳು. ಅತ್ತೆ ನಕ್ಕುಬಿಟ್ಟರು. ಅಲ್ಲಿಗೆ ಪ್ರಕರಣ ಮುಗಿಯಿತು.

ನಡುವಿನವನಿಗೆ ಕೆಳಗಿನ ಮೆಟ್ಟಿಲು, ಅವನಿಷ್ಟದ ವಸ್ತು. ಒಂದು ವರ್ಷ ಕ್ರಿಕೆಟ್ ಮೈದಾನ, ಇನ್ನೊಂದು ವರ್ಷ ರೈಲು ನಿಲ್ದಾಣ. ಚನ್ನಪಟ್ಟಣದ ಗೊಂಬೆ ಪ್ರತಿ ವರ್ಷ ಒಂದೋ ಎರಡೋ ಸೇರುತ್ತದೆ, ಅಷ್ಟೇ. ಒಮ್ಮೆ ಬೆಂಗಳೂರಿಂದ ಬರುವಾಗ ಚನ್ನಪಟ್ಟಣದಲ್ಲಿ ಇಳಿದು ಲೇತು ತಿರುಗುವುದನ್ನು ನೋಡಿಸಿದ್ದೆವು. ಆಲೆ ಮರದ ತುಂಡು ತಿರುಗುತ್ತಿರುವಾಗ ಅರಗಿನ ಕಡ್ಡಿ ಒತ್ತಿದರೆ, ಆ ಬಿಸಿಗೆ ಬಣ್ಣ ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಒಣಗಿದ ಕೇದಗೆ ಎಲೆಯಿಂದ ಉಜ್ಜಿದರೆ ಹೊಳಪು. ಹುಡುಗ ಒಂದು ಗಂಟೆ ಅಲ್ಲಿಂದ ಕದಲಲಿಲ್ಲ. ನಾನು ಪ್ರಬಂಧ ಬರೆಸಲಿಲ್ಲ, ನನಗೇ ನನ್ನ ಮೇಲೆ ಹೆಮ್ಮೆ.

ದೊಡ್ಡವಳದ್ದು ಸಂಜೆಯ ಗೊಂಬೆ ಬಾಗಿನ. ಬೀದಿಯ ಮಕ್ಕಳು "ಗೊಂಬೆ ಕೂರಿಸಿದ್ದೀರಾ?" ಅಂತ ಬರುತ್ತಾರೆ, ಅವರ ಕೈಗೆ ಒಂದು ತಿಂಡಿ ಕೊಡಬೇಕು. ದಿನಕ್ಕೊಂದು ತರ ಮಾಡುವ ಹುಚ್ಚು ಬೇಡ. ನಾವು ಕೋಡುಬಳೆ ಮತ್ತು ರವೆ ಉಂಡೆ ಎರಡನ್ನೇ ಪಾಡ್ಯಕ್ಕೆ ಮೊದಲು ಮಾಡಿ ಡಬ್ಬಕ್ಕೆ ತುಂಬಿಡುತ್ತೇವೆ, ನಡುವೆ ಎರಡು ದಿನ ಕಡಲೆಕಾಳು ಉಸ್ಲಿ. ಎಷ್ಟು ಮಕ್ಕಳು ಬರಬಹುದು, ಎಷ್ಟು ಮಾಡಬೇಕು, ಎಲ್ಲ ಅವಳ ತಲೆನೋವು. "ಶಾಲೆಗೆ ಹೋಗದ ಮಕ್ಕಳಿಗೆ ಸ್ನೇಹಿತರು ಹೇಗೆ?" ಅಂತ ಕೇಳುವವರನ್ನು ನಾನು ನವರಾತ್ರಿಯ ಸಂಜೆ ಆರು ಗಂಟೆಗೆ ಮನೆಗೆ ಕರೆಯುತ್ತೇನೆ. ಚಪ್ಪಲಿ ಇಡಲು ಜಾಗ ಸಿಗುವುದಿಲ್ಲ.

ದಶಮಿಯ ಸಂಜೆ ಬನ್ನಿ ಸೊಪ್ಪು ಹಂಚುವುದು ಹುಬ್ಬಳ್ಳಿಯ ಪಾಲು. ಮಕ್ಕಳು ಹಿರಿಯರ ಕೈಗೆ ಬನ್ನಿ ಕೊಟ್ಟು ಕಾಲಿಗೆ ಬೀಳುತ್ತಾರೆ, "ಬಂಗಾರದಂಗ ಇರ್ರಿ" ಅಂತ ಅತ್ತೆ ತಲೆ ಸವರುತ್ತಾರೆ. ಐದು ನಿಮಿಷದ ಕೆಲಸ, ಖರ್ಚಿಲ್ಲ. ಇಂಥವನ್ನು ಬಿಡಬೇಡಿ.

ಪರೀಕ್ಷೆ ಕಟ್ಟುವ ಮಗು ಇದ್ದರೆ

ನಮ್ಮ ದೊಡ್ಡವಳು ಹತ್ತನೇ ತರಗತಿಯನ್ನು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ, ಅಂದರೆ ಎನ್‌ಐಒಎಸ್‌ನಲ್ಲಿ ಬರೆಯುತ್ತಿದ್ದಾಳೆ. ಅಲ್ಲಿ ಹತ್ತನೇ ತರಗತಿಗೆ ಸೇರಲು ಹದಿನಾಲ್ಕು ತುಂಬಿರಬೇಕು. ಪಾಸಾಗಲು ಐದು ವಿಷಯ ಬೇಕು. ಸಾರ್ವಜನಿಕ ಪರೀಕ್ಷೆ ವರ್ಷಕ್ಕೆರಡು ಸಲ: ಏಪ್ರಿಲ್-ಮೇ ಒಂದು, ಅಕ್ಟೋಬರ್-ನವೆಂಬರ್ ಇನ್ನೊಂದು. ನೋಂದಣಿ ಐದು ವರ್ಷ ನಡೆಯುತ್ತದೆ, ವಿಷಯಗಳನ್ನು ಒಂದೊಂದಾಗಿ ಬರೆದು ಮುಗಿಸಬಹುದು.

ಎರಡನೇ ಪರೀಕ್ಷೆಯ ತಿಂಗಳು ನೋಡಿದಿರಾ? ಸರಿಯಾಗಿ ದಸರಾ, ದೀಪಾವಳಿ. ಕಳೆದ ಸಲ ನಾವು ಅದನ್ನು ಯೋಚಿಸದೆ ಎರಡು ವಿಷಯ ಅಕ್ಟೋಬರ್‌ಗೆ ಕಟ್ಟಿಬಿಟ್ಟೆವು. ಸರಸ್ವತಿ ಪೂಜೆಯ ದಿನ ಬಂತು, ಪುಸ್ತಕ ಪೂಜೆಗೆ ಇಟ್ಟರೆ ಓದುವುದು ಹೇಗೆ? ದೊಡ್ಡವಳು ಅಳುವುದೊಂದು ಬಾಕಿ. ನನ್ನಮ್ಮ ಅವಳ ಹೋದ ವರ್ಷದ ಹಳೆ ಪುಸ್ತಕ ತೆಗೆದು ಪೀಠದ ಮೇಲಿಟ್ಟು, "ಇದು ಸಾಕು ಪುಟ್ಟಿ, ಸರಸ್ವತಿಗೆ ನಿನ್ನ ಪರೀಕ್ಷೆ ತಾರೀಕು ಗೊತ್ತು" ಅಂದರು. ಎರಡೂ ವಿಷಯ ಪಾಸಾದಳು. ಆದರೆ ಆ ಒಂಬತ್ತು ದಿನ ರೂಮಿನ ಬಾಗಿಲು ಹಾಕಿಕೊಂಡು ಕೂತಿದ್ದಳು, ಬಾಗಿನ ಕೊಡುವ ಕೆಲಸ ತಮ್ಮನ ಪಾಲಾಯಿತು, ಅವನು ಎರಡನೇ ದಿನಕ್ಕೇ ಕೋಡುಬಳೆ ಡಬ್ಬ ಖಾಲಿ ಮಾಡಿದ.

ಉಳಿದ ಮೂರು ವಿಷಯ ಏಪ್ರಿಲ್‌ಗೆ ಅಂತ ಈಗ ತೀರ್ಮಾನ. ನಿಮ್ಮ ಮನೆಯಲ್ಲೂ ಪರೀಕ್ಷೆ ಕಟ್ಟುವವರಿದ್ದರೆ ಕ್ಯಾಲೆಂಡರಿಗೆ ಬಣ್ಣ ಹಾಕುವ ದಿನವೇ ಇದನ್ನೂ ಇತ್ಯರ್ಥ ಮಾಡಿ. ಅಕ್ಟೋಬರ್‌ಗೇ ಬರೆಯಬೇಕು ಅನ್ನುವಂತಿದ್ದರೆ ಒಂದೇ ವಿಷಯ ಇಟ್ಟುಕೊಳ್ಳಿ, ಅದೂ ಮಗುವಿಗೆ ಸುಲಭವಾದದ್ದು.

ಗಣೇಶ, ದೀಪಾವಳಿ

ಇವೆರಡಕ್ಕೂ ಹೇಳುವುದು ಜಾಸ್ತಿ ಇಲ್ಲ. ಗಣೇಶನನ್ನು ಜೇಡಿಮಣ್ಣಲ್ಲಿ ನಡುವಿನವನು ಮಾಡುತ್ತಾನೆ. ಸೊಂಡಿಲು ಬೀಳುತ್ತದೆ, ಮತ್ತೆ ಹಚ್ಚುತ್ತಾನೆ. ಬಕೆಟ್‌ನಲ್ಲಿ ವಿಸರ್ಜನೆ, ಆ ಮಣ್ಣು ದಾಸವಾಳದ ಗಿಡಕ್ಕೆ. ದೀಪಾವಳಿಗೆ ನೀರು ತುಂಬುವ ಹಬ್ಬದ ಸಂಜೆ ಹಂಡೆ ಬೆಳಗುವುದು ನಡುವಿನವನು, ರಂಗೋಲಿ ದೊಡ್ಡವಳು, ಹಣತೆಗೆ ಬತ್ತಿ ಹೊಸೆಯುವುದು ಚಿಕ್ಕವಳು ಮತ್ತು ಅಜ್ಜಿ. ಮರುದಿನ ನಸುಕಿಗೆ ಎಣ್ಣೆ ನೀರು. ಎಣ್ಣೆ ನೀರು ಹಾಕಿಕೊಂಡ ಮಕ್ಕಳು ಹತ್ತು ಗಂಟೆಗೆ ತೂಕಡಿಸುತ್ತಾರೆ, ಅವತ್ತು ಪಾಠ ಇಟ್ಟುಕೊಳ್ಳುವ ಯೋಚನೆಯೇ ಬೇಡ.

ಹಬ್ಬದ ಮರುದಿನ ಎಲ್ಲಿಂದ ಹಿಡಿಯುವುದು

ಇಲ್ಲಿ ನಮಗೆ ಸಹಾಯ ಮಾಡಿದ್ದು ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿ. 1995ರಲ್ಲಿ ನಮ್ಮ ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾದದ್ದು. ಒಂದೇ ಕೋಣೆಯಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಕೂತಿರುತ್ತಾರೆ. ಪ್ರತಿ ಮಗುವಿಗೂ ತನ್ನದೇ ಕಲಿಕಾ ಏಣಿ, ಕಾರ್ಡುಗಳು. ಮಗು ನಾಲ್ಕು ದಿನ ಬರದಿದ್ದರೆ ಎಲ್ಲಿ ಬಿಟ್ಟಿತ್ತೋ ಅದೇ ಮೆಟ್ಟಿಲಿಂದ ಮುಂದುವರಿಯುತ್ತದೆ, ತರಗತಿ ಮುಂದೆ ಓಡಿಹೋಗಿರುವುದಿಲ್ಲ. ಬೇರೆ ಬೇರೆ ವಯಸ್ಸಿನ ಮಕ್ಕಳಿರುವ ಮನೆಗೆ ಇದು ಹೇಳಿ ಮಾಡಿಸಿದ್ದು.

ನಾನು ಮಾಡಿದ್ದಿಷ್ಟೇ: ಗೋಡೆಯ ಮೇಲೆ ಮೂರು ದಾರ, ಪ್ರತಿ ದಾರಕ್ಕೂ ಆ ಮಗುವಿನ ಗಣಿತ, ಕನ್ನಡದ ಪಾಠಗಳ ಚೀಟಿ, ಎಲ್ಲಿಗೆ ಬಂದಿದ್ದಾರೋ ಅಲ್ಲಿಗೆ ಒಂದು ಬಟ್ಟೆ ಕ್ಲಿಪ್ಪು. ರಜೆ ಶುರುವಾದಾಗ ಕ್ಲಿಪ್ಪು ಎಲ್ಲಿತ್ತೋ ಮುಗಿದಾಗಲೂ ಅಲ್ಲೇ ಇರುತ್ತದೆ. "ಎಷ್ಟು ಹಿಂದೆ ಬಿದ್ದೆವು" ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಮರುದಿನ ಮಾತ್ರ ಪೂರ್ತಿ ಪಾಠಕ್ಕೆ ಕೂರಿಸಬೇಡಿ. ಮೊದಲ ದಿನ ಅರ್ಧ ದಿನದ ರಟ್ಟು, ಅದೂ ಕ್ಲಿಪ್ಪಿನಿಂದ ಎರಡು ಚೀಟಿ ಹಿಂದೆ ಹೋಗಿ. ಗೊತ್ತಿರುವ ಲೆಕ್ಕ ಮಾಡಿದರೆ ಕೈ ಬಿಸಿಯಾಗುತ್ತದೆ. ಏಳರ ಮಗ್ಗಿಯನ್ನು ಇನ್ನೊಂದು ಸಲ ಹೇಳಿಸಿ.

ಇನ್ನೊಂದು ಕೆಲಸ ಇದೆ, ಅದನ್ನು ಗೊಂಬೆ ಎತ್ತಿಡುವ ದಿನವೇ ಮಾಡಬೇಕು. ಒಂದು ಇನ್ನೂರು ಪುಟದ ನೋಟ್‌ಬುಕ್ಕು ಇಡಿ. ಪ್ರತಿ ಹಬ್ಬ ಮುಗಿದ ಮೇಲೆ ಅರ್ಧ ಪುಟ: ಏನು ತಂದೆವು, ಎಷ್ಟು ಮಿಕ್ಕಿತು, ಏನು ಎಡವಟ್ಟಾಯಿತು. ಮಕ್ಕಳೂ ಬರೆಯಲಿ, ತಿದ್ದಬೇಡಿ. ನಮ್ಮದು ಗೊಂಬೆ ಟ್ರಂಕಿನಲ್ಲೇ ಇರುತ್ತದೆ, ನುಸಿಗುಳಿಗೆಯ ವಾಸನೆ. ಮುಂದಿನ ವರ್ಷ ಟ್ರಂಕು ತೆಗೆದ ಕೂಡ್ಲೆ ಮೊದಲು ಓದುವುದು ಅದನ್ನೇ. ಕೊನೆಯ ಪುಟದಲ್ಲಿ ನನ್ನ ಕೈಬರಹ: "ಕೋಡುಬಳೆ ಎರಡು ಕೆಜಿ ಸಾಲದು, ಡಬ್ಬಕ್ಕೆ ಬೀಗ." ಅದರ ಕೆಳಗೆ ಚಿಕ್ಕವಳದ್ದು: "ರಾಗಿಗೆ ನೀರು ಚಿಮುಕಿಸು, ಸುರಿಬೇಡ. ಅಣ್ಣನ ಕೈಗೆ ಕೊಡಬೇಡ."